ಎದೆಯ ಮೇಲೆ ಒಂದು ಗಂಟೆ

ಒಳ್ಳೆಯದೊಂದನ್ನು ಆಸ್ಪತ್ರೆಯೊಳಗೆ ತರುವುದು ಕಷ್ಟ, ತಂದಿದ್ದೇವೆ ಎಂದು ಬರೆದಿಡುವುದು ಬಹಳ ಸುಲಭ. ಹಾಗಾಗಿ ಇಂಥ ಪ್ರಸಂಗಗಳಿಗೆ ನಮ್ಮ ಕಡೆ ಯಾವತ್ತೂ ಬರ ಬಿದ್ದಿಲ್ಲ.

ನಾನು ಸರ್ಕಾರಿ ನರ್ಸು. ಅಂದರೆ, ಹೋದ ವರ್ಷ ನಿವೃತ್ತಿಯಾಗುವವರೆಗೆ ಆಗಿದ್ದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಂದು ಈ ನಾಲ್ಕು ಊರುಗಳ ನಡುವೆಯೇ ಸುತ್ತಿ ಮೂವತ್ತು ವರ್ಷ ಮುಗಿಸಿದೆ. ಅದರಲ್ಲಿ ಮುಕ್ಕಾಲು ಪಾಲು ಹೆರಿಗೆ ಕೋಣೆಯಲ್ಲೇ ಕಳೆಯಿತು. ಯಾವ ಪ್ರಸಂಗ ಯಾವ ಆಸ್ಪತ್ರೆಯಲ್ಲಿ ನಡೆಯಿತು ಎಂದು ಮಾತ್ರ ಹೇಳುವುದಿಲ್ಲ. ಇದರಲ್ಲಿ ಬರುವವರೆಲ್ಲ ಈಗಲೂ ಮದುವೆ ಮನೆಗಳಲ್ಲಿ ಸಿಗುತ್ತಾರೆ, ಊಟದ ಪಂಕ್ತಿಯಲ್ಲಿ ಪಕ್ಕದಲ್ಲೇ ಬಂದು ಕೂರುತ್ತಾರೆ.

ನಾನು ಕೇಳಿದ್ದು ಒಂದೇ ಒಂದು. ಮಗು ಹುಟ್ಟಿದ ಕೂಡಲೇ ಮೈ ಒರೆಸಿ, ತಾಯಿಯ ಬರಿ ಎದೆಯ ಮೇಲೆ ಮಲಗಿಸಿ, ಇಬ್ಬರ ಮೇಲೂ ಒಂದು ಬಟ್ಟೆ ಹೊದಿಸಿ. ಒಂದು ಗಂಟೆ ಹಾಗೇ ಬಿಟ್ಟುಬಿಡಿ. ಸ್ನಾನ ಅವತ್ತು ಬೇಡ. ತೂಕ ಆಮೇಲೆ ಮಾಡಿ, ನೆಂಟರಿಗೆ ಆಮೇಲೆ ತೋರಿಸಿ. ತಾಯಿಯ ಮೈಬಿಸಿಯಲ್ಲಿ ಮಗು ತಣ್ಣಗಾಗುವುದಿಲ್ಲ, ತಾನಾಗಿ ಮೊಲೆ ಹುಡುಕಿಕೊಳ್ಳುತ್ತದೆ. ಇದು ನನ್ನ ತಲೆಯಿಂದ ಬಂದದ್ದಲ್ಲ. ಎಷ್ಟೋ ದೇಶಗಳಲ್ಲಿ ಎಷ್ಟೋ ಜನ ವರ್ಷಗಟ್ಟಲೆ ನೋಡಿ, ಅಳೆದು, ಬರೆದಿಟ್ಟ ಮಾತು. ನಮ್ಮ ಇಲಾಖೆಯ ಪುಸ್ತಕದಲ್ಲೂ ಇದೆ. ಇದಕ್ಕೆ ಯಂತ್ರ ಬೇಡ, ಕರೆಂಟು ಬೇಡ. ಬೇಕಾದವಳು ಒಬ್ಬ ತಾಯಿ, ಅವಳು ಹೇಗೂ ಅಲ್ಲೇ ಮಲಗಿರುತ್ತಾಳೆ.

ನಮ್ಮಲ್ಲಿ ನಡೆಯುತ್ತಿದ್ದುದು ಬೇರೆ. ಮಗು ಅತ್ತ ತಕ್ಷಣ ಎತ್ತಿಕೊಂಡು ಹೋಗಿ, ಮೂಲೆಯ ನಲ್ಲಿಯ ಹತ್ತಿರ ತೊಳೆದು, ಬಟ್ಟೆ ಸುತ್ತಿ, ಬಾಗಿಲ ಹೊರಗೆ ಕಾದಿದ್ದವರ ಕೈಗೆ ಕೊಡುವುದು. ಅಜ್ಜಿ, ಅತ್ತೆ, ಚಿಕ್ಕಮ್ಮ, ಪಕ್ಕದ ಮನೆಯವಳು ಎಲ್ಲರ ಕೈ ದಾಟಿ ಅದು ಹೆತ್ತವಳ ಹತ್ತಿರ ವಾಪಸು ಬರುವಷ್ಟರಲ್ಲಿ ಪಾದ ತಣ್ಣಗಾಗಿ ನೀಲಿ ತಿರುಗಿರುತ್ತಿತ್ತು. ಗಟ್ಟಿ ಮಕ್ಕಳು ತಡೆದುಕೊಳ್ಳುತ್ತಿದ್ದವು. ಕಡಿಮೆ ತೂಕದವು ತಡೆದುಕೊಳ್ಳುತ್ತಿರಲಿಲ್ಲ.

ಆ ಒಂದು ಗಂಟೆಗಾಗಿ ನಾನು ಜಗಳವಾಡಿದ್ದು ಹದಿನೈದು ವರ್ಷ.

೧. ತರಬೇತಿಯ ಬ್ಯಾಗು

ಮೊದಲು ಹಾಸನದಲ್ಲಿ ಮೂರು ದಿನ ತರಬೇತಿ ಆಯಿತು. ನಮ್ಮ ಆಸ್ಪತ್ರೆಯಿಂದ ನಾನು ಮತ್ತು ವಾರ್ಡಿನ ಹಿರಿಯ ಸಿಸ್ಟರ್ ಹೋಗಿದ್ದೆವು. ವೇದಿಕೆಯ ಮೇಲೆ ಒಂದು ರಬ್ಬರ್ ಮಗುವನ್ನು ಒಂದು ರಬ್ಬರ್ ತಾಯಿಯ ಎದೆಯ ಮೇಲೆ ಮಲಗಿಸಿ ತೋರಿಸಿದರು. ಹೇಳಿಕೊಟ್ಟ ಮೇಡಂ ಬಹಳ ಚೆನ್ನಾಗಿ ಹೇಳಿದರು. ನನಗಂತೂ ಕಣ್ಣಲ್ಲಿ ನೀರೇ ಬಂತು. ಅಷ್ಟು ವರ್ಷದಲ್ಲಿ ಎಷ್ಟು ಮಕ್ಕಳನ್ನು ನನ್ನ ಕೈಯಾರೆ ನಲ್ಲಿಗೆ ಹಿಡಿದಿದ್ದೆನೋ ಎಂದು ಕೂತಲ್ಲೇ ಲೆಕ್ಕ ಹಾಕತೊಡಗಿದೆ.

ವಾಪಸು ಬರುವಾಗ ಬಸ್ಸಿನಲ್ಲಿ ಹಿರಿಯ ಸಿಸ್ಟರ್ ಪಕ್ಕ ಕೂತು ಕೇಳಿದೆ. "ಅಕ್ಕಾ, ನಾಳೆಯಿಂದಲೇ ಶುರು ಮಾಡೋಣ್ವಾ?"

ಅವರು ತರಬೇತಿಯಲ್ಲಿ ಕೊಟ್ಟ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಅದರ ಜಿಪ್ಪನ್ನು ಅತ್ತಿಂದಿತ್ತ ಎಳೆದು ನೋಡುತ್ತಿದ್ದರು.

"ಏನು ಶುರು ಮಾಡೋದು?"

"ಅದೇ ಅಕ್ಕ, ಮಗೂನ ಎದೆ ಮೇಲೆ ಮಲಗಿಸೋದು."

"ಅಯ್ಯೋ ಹುಚ್ಚಿ, ತರಬೇತಿ ತರಬೇತಿಗೆ ಕಣೆ, ಡ್ಯೂಟಿ ಡ್ಯೂಟಿಗೆ. ಅದೂ ಇದೂ ಬೆರೆಸ್ಬಾರ್ದು." ಇನ್ನೊಂದು ಸಲ ಜಿಪ್ಪು ಎಳೆದರು. "ಗಟ್ಟಿಯಾಗಿದೆ ನೋಡು. ಹೋದ ಸಲದ ತರಬೇತೀಲಿ ಕೊಟ್ಟಿದ್ದು ಎರಡೇ ತಿಂಗಳಿಗೆ ಕಿತ್ತೋಯ್ತು."

ಆಮೇಲೆ ಆರು ವರ್ಷ ಅವರು ಡಬ್ಬಿ, ಕೊಡೆ, ಹೆಣಿಗೆಯ ಉಲ್ಲನ್ ಎಲ್ಲವನ್ನೂ ಅದರಲ್ಲೇ ತಂದರು. ಆ ತರಬೇತಿಯಿಂದ ನಮ್ಮ ಆಸ್ಪತ್ರೆಯಲ್ಲಿ ದಿನವೂ ಬಳಕೆಗೆ ಬಂದದ್ದು ಆ ಬ್ಯಾಗೊಂದೇ.

೨. ಗೋಡೆಯ ಮೇಲಿನ ಚಾರ್ಟು

ಇಲಾಖೆಯಿಂದ ಬಣ್ಣದ ದೊಡ್ಡ ಚಾರ್ಟು ಬಂತು. ಮಗು ಹುಟ್ಟಿದ ಮೊದಲ ಗಂಟೆಯಲ್ಲಿ ಏನೇನು ಮಾಡಬೇಕು, ಏನೇನು ಮಾಡಬಾರದು ಎಂದು ಚಿತ್ರ ಸಮೇತ ಇತ್ತು. ಹೆರಿಗೆ ಕೋಣೆಯಲ್ಲಿ ಎದ್ದು ಕಾಣುವಂತೆ ಹಾಕಬೇಕು ಎಂದು ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿತ್ತು.

ನಾನು ಮೊಳೆ ಹಿಡಿದು ನಿಂತಿದ್ದೆ. ಹಿರಿಯ ಸಿಸ್ಟರ್ ಕಿತ್ತುಕೊಂಡರು.

"ಇಲ್ಲಿ ಹಾಕಿದ್ರೆ ರಕ್ತ ಸಿಡಿದು ಹಾಳಾಗ್ತದೆ. ಆಮೇಲೆ ಇನ್ನೊಂದು ಕೇಳಿದ್ರೆ ಯಾರು ಕೊಡ್ತಾರೆ?"

ಹಾಳಾಗಬಾರದೆಂದು ಅದಕ್ಕೆ ಗಾಜು ಹಾಕಿಸಿ, ಕಟ್ಟು ಹಾಕಿಸಿ, ದೊಡ್ಡ ಡಾಕ್ಟರ ಕೋಣೆಯಲ್ಲಿ ಅವರ ಕುರ್ಚಿಯ ಹಿಂದೆ ನೇತುಹಾಕಿದರು. ಮೊದಲ ವಾರ ಅದಕ್ಕೊಂದು ಚೆಂಡುಹೂವಿನ ಹಾರವೂ ಇತ್ತು.

ವರ್ಷ ಕಳೆದ ಮೇಲೆ ತಪಾಸಣೆಗೆ ಮೇಲಿನ ಅಧಿಕಾರಿ ಬಂದರು. ನಮ್ಮನ್ನೆಲ್ಲ ಡಾಕ್ಟರ ಕೋಣೆಗೆ ಕರೆಸಿ ಸಾಲಾಗಿ ನಿಲ್ಲಿಸಿ ಕೇಳಿದರು. "ಮಗು ಹುಟ್ಟಿದ ತಕ್ಷಣ ಏನು ಮಾಡ್ತೀರಿ?"

ಉಳಿದವರು ನನ್ನನ್ನು ಮುಂದಕ್ಕೆ ತಳ್ಳಿದರು. ನಾನು ಒಂದೊಂದಾಗಿ ಎಲ್ಲ ಹೇಳಿದೆ. ಎಷ್ಟು ಹೊತ್ತು, ಯಾಕೆ, ಏನು ಮಾಡಬಾರದು, ಒಂದನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ನನಗೆ ಸಿಟ್ಟು ಏರುತ್ತಿತ್ತು, ಏಕೆಂದರೆ ಅವತ್ತು ಬೆಳಿಗ್ಗೆಯೇ ಎರಡು ಮಕ್ಕಳನ್ನು ನಲ್ಲಿಗೆ ಹಿಡಿದಿದ್ದರು.

ಅಧಿಕಾರಿಗೆ ಖುಷಿಯಾಯಿತು. "ಬಹಳ ಚೆನ್ನಾಗಿ ತಿಳ್ಕೊಂಡಿದ್ದೀರಿ. ಎಲ್ಲಿ ಓದಿದಿರಿ ಇದನ್ನ?"

"ಅಲ್ಲೇ ಇದೆಯಲ್ಲ ಸರ್," ಎಂದು ಡಾಕ್ಟರ ತಲೆಯ ಹಿಂದಕ್ಕೆ ಕೈ ತೋರಿಸಿದೆ.

ದೊಡ್ಡ ಡಾಕ್ಟರು ಕುರ್ಚಿಯಲ್ಲೇ ತಿರುಗಿ ನೋಡಿದರು. ಅಲ್ಲೊಂದು ಚಾರ್ಟು ಇದೆ ಎಂದು ಅವರಿಗೆ ಗೊತ್ತಾದದ್ದು ಅವತ್ತೇ.

೩. ಯಾವ ದೇಶದ್ದು?

ದೊಡ್ಡ ಡಾಕ್ಟರಿಗೆ ಬಾಯಿಮಾತಿನಲ್ಲಿ ಹೇಳಿ ಪ್ರಯೋಜನವಿಲ್ಲ, ಓದಿದವರು, ಓದಿಸಿಯೇ ಒಪ್ಪಿಸಬೇಕು ಎಂದುಕೊಂಡೆ. ಕಾಲೇಜಿನಲ್ಲಿದ್ದ ನನ್ನ ಮಗಳ ಕೈಲಿ ಮೂರು ಸಂಶೋಧನಾ ಲೇಖನ ಹುಡುಕಿಸಿ, ಬಸ್ ಸ್ಟ್ಯಾಂಡಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ದೊಡ್ಡ ಡಾಕ್ಟರ ಮುಂದೆ ಇಟ್ಟೆ. ಮುಖ್ಯವಾದ ಸಾಲುಗಳ ಕೆಳಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದೆ.

ಅವರು ಕನ್ನಡಕ ಏರಿಸಿ ಮೊದಲನೆಯದನ್ನು ನೋಡಿದರು. "ಯಾವ ದೇಶದ್ದಮ್ಮ ಇದು?"

"ಯೂರೋಪಿನ ಕಡೇದು ಸರ್."

"ನೋಡಿ ಸಿಸ್ಟರ್, ಅವರ ಮೈ ಬೇರೆ, ನಮ್ಮ ಮೈ ಬೇರೆ. ಅವರ ಹವಾ ಬೇರೆ."

"ಎರಡನೇದು ನಮ್ಮ ದೇಶದ್ದೇ ಸರ್."

"ನಮ್ಮ ದೇಶದ್ದಾ?" ಎಂದು ನಕ್ಕರು. "ನಮ್ಮವರು ಬರೆಯೋದೆಲ್ಲ ನಂಬ್ತೀರಾ ನೀವು? ಕೂತಲ್ಲೇ ಬರೀತಾರೆ."

"ಮೂರನೇದು ಆಫ್ರಿಕಾದ್ದು ಸರ್."

"ಅಲ್ಲಿ ವಾರ್ಮರ್ ಇಲ್ಲ, ಪಾಪ. ಅದಕ್ಕೇ ಎದೆ ಮೇಲೆ ಇಡ್ತಾರೆ."

ಮಕ್ಕಳನ್ನು ಬೆಚ್ಚಗಿಡುವ ನಮ್ಮ ವಾರ್ಮರ್ ಯಂತ್ರ ಕೆಟ್ಟು ಐದು ತಿಂಗಳಾಗಿತ್ತು. ಅದರ ಮೇಲೆ ಹತ್ತಿಯ ಬಂಡಲ್ ಇಟ್ಟಿದ್ದರು.

"ಸರ್, ಹಾಗಾದ್ರೆ ನಮ್ಮಲ್ಲೇ ನೋಡೋಣ. ಒಂದು ತಿಂಗಳು ಎದೆ ಮೇಲೆ ಮಲಗಿಸಿ, ಮಕ್ಕಳ ಮೈ ಬಿಸಿ ಬರೆದಿಡ್ತೀನಿ. ನೀವೇ ನೋಡಿ ಹೇಳಿ."

ಅವರಿಗೆ ನಿಜವಾಗಿಯೂ ಆಘಾತವಾಯಿತು. "ಏನ್ರೀ ಸಿಸ್ಟರ್, ಹುಟ್ಟಿದ ಮಕ್ಕಳ ಮೇಲೆ ಪ್ರಯೋಗ ಮಾಡ್ತೀರಾ?"

ತಾಯಿಯ ಎದೆಯ ಮೇಲೆ ಮಗು ಮಲಗಿದರೆ ಪ್ರಯೋಗ. ಡಿಸೆಂಬರ್ ತಿಂಗಳಲ್ಲಿ ನಲ್ಲಿ ನೀರಿನಲ್ಲಿ ತೊಳೆದರೆ ಚಿಕಿತ್ಸೆ. ಕಾಗದಗಳನ್ನು ಮಡಚಿಕೊಂಡು ಹೊರಗೆ ಬಂದೆ.

ಅಷ್ಟರಲ್ಲಿ ಕುತ್ತಿಗೆಗೆ ಟೈ ಕಟ್ಟಿಕೊಂಡ ಒಬ್ಬ ಮೆಡಿಕಲ್ ರೆಪ್ ಒಳಗೆ ಹೋದ. ಮೂರೇ ನಿಮಿಷ. ಹೊಸ ಟಾನಿಕ್ಕಿನ ನುಣುಪು ಕಾಗದ, ಅದರಲ್ಲಿ ಮೇಲಕ್ಕೆ ಏರುವ ಒಂದು ಗೆರೆ, ಜೊತೆಗೆ ಒಂದು ಪೆನ್ನು. ಮಧ್ಯಾಹ್ನದ ಹೊತ್ತಿಗೆ ವಾರ್ಡಿನ ಎಲ್ಲ ಬಾಣಂತಿಯರಿಗೂ ಆ ಟಾನಿಕ್ ಬರೆದಾಗಿತ್ತು. ಆ ಗೆರೆ ಯಾವ ದೇಶದ್ದು ಎಂದು ಅವರು ಕೇಳಲೇ ಇಲ್ಲ.

೪. ಪೂರ್ತಿ ಮನಸ್ಸಿದೆ

ಎಂ.ಎಸ್ಸಿ. ನರ್ಸಿಂಗ್ ಓದುತ್ತಿದ್ದ ಒಂದು ಹುಡುಗಿ ಪ್ರಶ್ನೆಪಟ್ಟಿ ಹಿಡಿದುಕೊಂಡು ಬಂದಳು. ಸಾಲಗಾಮೆ ಕಡೆಯವಳು, ಬಹಳ ಚುರುಕು. ಸಂಶೋಧನೆಯಲ್ಲಿ ಕಂಡದ್ದನ್ನು ಚಿಕಿತ್ಸೆಯಲ್ಲಿ ಬಳಸಲು ಆಸ್ಪತ್ರೆಯವರಿಗೆ ಎಷ್ಟು ಮನಸ್ಸಿದೆ ಎಂಬುದೇ ಅವಳ ಅಧ್ಯಯನದ ವಿಷಯ. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಕೊನೆಗೂ ಯಾರೋ ಒಬ್ಬರು ಈ ಪ್ರಶ್ನೆ ಕೇಳಿದರಲ್ಲ!

ನಾನು ಪಟ್ಟಾಗಿ ಕೂತು ತುಂಬಿದೆ. 'ಬಳಸಲು ಅಡ್ಡಿಗಳೇನು?' ಎಂಬಲ್ಲಿ ಜಾಗ ಸಾಲದೆ ಹಿಂದಿನ ಪುಟಕ್ಕೂ ಹೋದೆ. ಹಿರಿಯ ಸಿಸ್ಟರ್ ಭುಜದ ಮೇಲಿಂದ ಬಗ್ಗಿ ಓದಿದರು.

"ನಿನಗೇನು ತಲೆ ಕೆಟ್ಟಿದೆಯಾ? ಅಡ್ಡಿ ಇದೆ ಅಂತ ಬರೆದ್ರೆ ಯಾಕೆ ಇದೆ ಅಂತ ನಮ್ಮನ್ನೇ ಕೇಳ್ತಾರೆ. ಕೊಡು ಇಲ್ಲಿ."

ನನ್ನ ಕಾಗದ ಅವರ ಬ್ಯಾಗು ಸೇರಿತು. ಅವರೇ ಒಂದು ಪ್ರತಿ ತುಂಬಿ ಮೇಜಿನ ಮೇಲಿಟ್ಟು ಉಳಿದವರಿಗೆಲ್ಲ ಹೇಳಿದರು. "ಇದನ್ನೇ ನೋಡ್ಕೊಂಡು ಬರೀರಿ. ಒಬ್ಬರದ್ದು ಒಂದು, ಇನ್ನೊಬ್ಬರದ್ದು ಇನ್ನೊಂದು ಆಗ್ಬಾರ್ದು. ಆಸ್ಪತ್ರೆ ಮಾನದ ಪ್ರಶ್ನೆ."

ಎಲ್ಲರೂ ನೋಡಿಕೊಂಡು ಬರೆದರು. ಹೊಸದನ್ನು ಕಲಿಯಲು ಪೂರ್ತಿ ಮನಸ್ಸಿದೆ. ಬಳಸಲು ಪೂರ್ತಿ ಮನಸ್ಸಿದೆ. ಅಡ್ಡಿಗಳು ಇಲ್ಲ. ಹೀಗೆ ಬರೆಯುತ್ತಿದ್ದಾಗ ಪಕ್ಕದ ಕೋಣೆಯಲ್ಲಿ ಆಗತಾನೆ ಹುಟ್ಟಿದ ಮಗುವೊಂದು ನಲ್ಲಿಯ ಕೆಳಗೆ ಕಿರಿಚಿಕೊಳ್ಳುತ್ತಿತ್ತು.

ವಾರ ಬಿಟ್ಟು ಆ ಹುಡುಗಿ ಮತ್ತೆ ಬಂದಳು. ಮುಖ ಸಪ್ಪಗಿತ್ತು. "ಮೇಡಂ, ಏನೋ ಒಂದು ಡೌಟು. ನಿಮ್ಮ ಆಸ್ಪತ್ರೇಲಿ ಎಲ್ಲರಿಗೂ ಐವತ್ತೆರಡು ವರ್ಷವಾ?"

ನೋಡಿಕೊಂಡು ಬರೆಯಿರಿ ಎಂದಿದ್ದರು, ಮೊದಲ ಸಾಲಿನಿಂದಲೇ ನೋಡಿಕೊಂಡು ಬರೆದಿದ್ದರು.

"ಅದು ಹೋಗ್ಲಿ ಮೇಡಂ," ಎಂದು ಇನ್ನೊಂದು ಕಾಗದ ತೆಗೆದಳು. ನಮ್ಮಲ್ಲಿ ಒಬ್ಬ ಗಂಡು ನರ್ಸ್ ಇದ್ದ. ದಪ್ಪ ಮೀಸೆ, ಎಲ್ಲರೂ ಬ್ರದರ್ ಎಂದೇ ಕರೆಯುತ್ತಿದ್ದೆವು. ಕಾಗದದ ಕೆಳಗೆ ಅವನ ಸಹಿ ಇತ್ತು. "ಇವರು ಮಹಿಳೆ, ಎರಡು ಸಲ ಹೆರಿಗೆ ಆಗಿದೆ, ಎರಡೂ ನಾರ್ಮಲ್ ಅಂತ ಬರೆದಿದ್ದಾರಲ್ಲ?"

೫. ಜಾಣ ಮಗು

ಇದನ್ನು ನಗುನಗುತ್ತ ಹೇಳಲು ನನಗೆ ಕಷ್ಟ. ಆದರೂ ಕೊನೆಯಲ್ಲಿ ನಗು ಬರುವುದರಿಂದ ಇಲ್ಲೇ ಸೇರಿಸುತ್ತೇನೆ.

ಡಿಸೆಂಬರ್ ತಿಂಗಳ ಬೆಳಿಗ್ಗೆ, ಕೊರೆಯುವ ಚಳಿ. ಮಲ್ಲಿಪಟ್ಟಣ ಕಡೆಯ ಒಬ್ಬಳಿಗೆ ದಿನ ತುಂಬುವ ಮುಂಚೆಯೇ ಹೆರಿಗೆಯಾಯಿತು. ಹೆಣ್ಣುಮಗು, ಅಂಗೈ ಮೇಲೆ ಕೂರುವಷ್ಟು ಪುಟ್ಟದು. ನಾನೇ ಒರೆಸಿ ತಾಯಿಯ ಎದೆಯ ಮೇಲೆ ಮಲಗಿಸಿದೆ. ಅಷ್ಟರಲ್ಲಿ ಪಕ್ಕದ ಮಂಚದವಳಿಗೆ ನೋವು ಜೋರಾಯಿತು, ಅತ್ತ ತಿರುಗಿದೆ.

ಬಾಗಿಲಲ್ಲಿ ನಿಂತಿದ್ದ ಮಗುವಿನ ಅಜ್ಜಿ ರೇಗುತ್ತಿದ್ದುದು ಕೇಳುತ್ತಿತ್ತು. "ಇದೇನವ್ವ ಇದು, ಕೂಸ ತೊಳೀದೆ ಅಂಗೇ ಬುಟ್ಟವ್ರೆ! ನಮ್ಮನೇಲಿ ದನ ಕರ ಆಕುದ್ರೂವೆ ಮೈ ತೊಳೀತೀವಿ ಕಣ!"

ನಮ್ಮ ಆಯಮ್ಮ ಒಳ್ಳೆಯವಳು. ಸಾವಿರಾರು ಮಕ್ಕಳನ್ನು ತೊಳೆದ ಕೈ ಅವಳದು, ಬೈಗುಳ ಕೇಳಿ ಸುಮ್ಮನಿರುವ ಜೀವವಲ್ಲ. ಮಗುವನ್ನು ಎತ್ತಿದಳು, ತೊಳೆದಳು, ಸುತ್ತಿದಳು, ಅಜ್ಜಿಯ ಕೈಗೆ ಕೊಟ್ಟಳು. ನಾನು ಎರಡನೇ ಹೆರಿಗೆ ಮುಗಿಸಿ ಕೈ ತೊಳೆದು ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಆಗಿತ್ತು.

"ಎಂಥ ಜಾಣ ಕೂಸು ನೋಡಿ ಸಿಸ್ಟ್ರೇ," ಎಂದಳು ಆಯಮ್ಮ. "ವಸಿ ವತ್ತಿಂದ ಅಳಾದೇ ಇಲ್ಲ."

ಅಜ್ಜಿಯ ಕೈಯಿಂದ ಮಗುವನ್ನು ತೆಗೆದುಕೊಂಡೆ. ಬಟ್ಟೆ ಬಿಚ್ಚಿದೆ. ಪಾದ ಮಾತ್ರವಲ್ಲ, ಹೊಟ್ಟೆಯೂ ತಣ್ಣಗಿತ್ತು. ಕೈಕಾಲು ಜೋತುಬಿದ್ದಿದ್ದವು. ಡಾಕ್ಟರು ಓಡಿ ಬಂದರು, ನೋಡಿದರು, ಹಾಸನಕ್ಕೆ ಕರೆದುಕೊಂಡು ಹೋಗಿ ಎಂದು ಚೀಟಿ ಬರೆದರು. ತಾಯಿ ಏಳುವ ಸ್ಥಿತಿಯಲ್ಲಿರಲಿಲ್ಲ. ಆಂಬುಲೆನ್ಸಿನಲ್ಲಿ ನಾನು, ಅಜ್ಜಿ, ಮಗು.

"ಅಜ್ಜಿ, ಕುಪ್ಪಸ ಬಿಚ್ಚಿ. ಮಗೂನ ಎದೆಗೆ ಹಾಕ್ಕೊಳ್ಳಿ, ಬರಿ ಮೈಗೆ."

"ಅಯ್ಯೋ, ಡ್ರೈವರ್ರು ಅವ್ನೆ ಕಣವ್ವ!"

"ಅವನು ರಸ್ತೆ ನೋಡ್ತಾನೆ. ಬಿಚ್ಚಿ ಅಂದ್ರೆ ಬಿಚ್ಚಿ!"

ಅಷ್ಟು ಜೋರಾಗಿ ನಾನು ಯಾರ ಮೇಲೂ ಕೂಗಿರಲಿಲ್ಲ. ಅಜ್ಜಿ ಕುಪ್ಪಸ ಬಿಚ್ಚಿತು. ಮಗುವನ್ನು ಎದೆಗೆ ಒತ್ತಿ, ಮೇಲೆ ಸೆರಗು, ಅದರ ಮೇಲೆ ಅಜ್ಜಿಯ ಕಂಬಳಿ, ಅದರ ಮೇಲೆ ನನ್ನ ಸ್ವೆಟರು. ರಸ್ತೆಯ ಪ್ರತಿ ಉಬ್ಬಿಗೂ ನಾನು ಕೈ ಒಳಗೆ ತೂರಿಸಿ ಉಸಿರು ನೋಡುತ್ತಿದ್ದೆ. ಅರ್ಧ ದಾರಿ ದಾಟಿದ ಮೇಲೆ ಕಂಬಳಿಯೊಳಗಿಂದ ಸಣ್ಣಗೆ ಒಂದು ಸದ್ದು ಬಂತು.

"ಅಳ್ತದೆ ಕಣವ್ವ!" ಎಂದು ಅಜ್ಜಿಯೇ ಅಳಲು ಶುರು ಮಾಡಿತು. "ನನ್ ಕಂದ ಅಳ್ತದೆ!"

ಹಾಸನದಲ್ಲಿ ಮಕ್ಕಳ ಡಾಕ್ಟರು ನೋಡಿ ಹೇಳಿದರು. "ಒಳ್ಳೇ ಕೆಲಸ ಮಾಡಿದ್ದೀರಿ. ಹೀಗೆ ಎದೆಗೆ ಹಾಕ್ಕೊಂಡು ಬರದಿದ್ರೆ ಮಗು ಉಳೀತಿರಲಿಲ್ಲ. ಯಾರು ಹೇಳಿಕೊಟ್ಟಿದ್ದು?"

ಅಜ್ಜಿ ಸೆರಗು ಸರಿಮಾಡಿಕೊಂಡು ಹೇಳಿತು. "ಯಾರೇಳ್ಕೊಡಬೇಕು ಸಾ, ನಮ್ ಕಾಲ್ದಿಂದ್ಲೂ ಇಂಗೇಯ."

ನನಗೆ ಮಗು ಉಳಿದರೆ ಸಾಕಿತ್ತು. ಒಂಬತ್ತನೇ ದಿನ ಮಗು ಮನೆಗೆ ಹೋಯಿತು.

ಆಸ್ಪತ್ರೆಯಲ್ಲಿ ಇದರ ಬಗ್ಗೆ ಸಭೆ ನಡೆಯಿತು. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಮಗುವಿಗೆ ಸ್ನಾನ ಮಾಡಿಸಿದರು, ತಣ್ಣಗಾಯಿತು. ಎದೆಗೆ ಹಾಕಿದೆವು, ಬೆಚ್ಚಗಾಯಿತು. ಇದಕ್ಕಿಂತ ಸಾಕ್ಷಿ ಇನ್ನೇನು ಬೇಕು? ಎಲ್ಲರೂ ತಲೆಯಾಡಿಸಿದರು. ಹಿರಿಯ ಸಿಸ್ಟರ್ ಕೂಡ ಕಣ್ಣು ಒರೆಸಿಕೊಂಡರು. ಕೊನೆಗೂ ಗೆದ್ದೆ ಎಂದುಕೊಂಡೆ. ದೊಡ್ಡ ಡಾಕ್ಟರು ಗಂಟಲು ಸರಿಮಾಡಿಕೊಂಡು, ಇಂಥದ್ದು ಇನ್ನು ಮುಂದೆ ಆಗಬಾರದು ಎಂದು ಹೇಳಿ, ನಿರ್ಣಯ ಬರೆಸಿದರು.

ಹೆರಿಗೆ ಕೋಣೆಯ ನಲ್ಲಿಗೆ ಗೀಸರ್ ಹಾಕಿಸುವುದು.

೬. ಆ ಮೇಡಂ ಪದ್ಧತಿ

ಒಂದೇ ಒಂದು ಸಲ ನಾನು ಗೆದ್ದಿದ್ದೆ, ಅದನ್ನೂ ಹೇಳಿಬಿಡುತ್ತೇನೆ. ಇನ್ನೊಂದು ಊರಿಗೆ ವರ್ಗವಾಗಿ ಹೋದಾಗ ಅಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಇದ್ದರು. ನಾನು ಮಾತು ಮುಗಿಸುವ ಮೊದಲೇ "ಹೌದು ಸಿಸ್ಟರ್, ಮಾಡಲೇಬೇಕು" ಎಂದರು. ಮಾಡಿದರು. ನಲ್ಲಿಗೆ ಬೀಗ ಹಾಕಿಸಿದರು, ಬಾಗಿಲಲ್ಲಿ ತಾವೇ ನಿಂತು ನೆಂಟರಿಗೆ ತಿಳಿಸಿ ಹೇಳಿದರು. ಹತ್ತು ತಿಂಗಳು ಒಂದು ಮಗುವೂ ತಣ್ಣಗಾಗಿ ಹಾಸನಕ್ಕೆ ಹೋಗಲಿಲ್ಲ. ಆ ಹತ್ತು ತಿಂಗಳು ನಾನು ಡ್ಯೂಟಿಗೆ ಹಾಡಿಕೊಂಡು ಹೋಗುತ್ತಿದ್ದೆ.

ಹನ್ನೊಂದನೇ ತಿಂಗಳು ಅವರಿಗೆ ವರ್ಗವಾಯಿತು. ಸೋಮವಾರ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ನಲ್ಲಿಯ ಬೀಗ ತೆಗೆದಿದ್ದರು.

"ಯಾಕೆ ತೆಗೆದ್ರಿ?" ಎಂದೆ.

"ಅದು ಆ ಮೇಡಂ ಪದ್ಧತಿ ಅಲ್ವಾ ಸಿಸ್ಟರ್," ಎಂದರು ಅಲ್ಲಿಯವರು. "ಅವರೇ ಹೋದ್ಮೇಲೆ ಇನ್ಯಾಕೆ?"

ವಾರ್ಡಿಗೆ ಮೂರು ಫ್ಯಾನು ಹಾಕಿಸಿದವರೂ ಆ ಮೇಡಮ್ಮೇ. ಅವನ್ನು ಮಾತ್ರ ಯಾರೂ ಬಿಚ್ಚಲಿಲ್ಲ.

೭. ರಾಹುಕಾಲದ ಒಳಗೆ

ನಿವೃತ್ತಿಯಾದ ಮೇಲೆ ನನ್ನ ಮಗಳಿಗೆ ಚೊಚ್ಚಲ ಹೆರಿಗೆ. ಚೊಚ್ಚಲು ತವರಿನಲ್ಲಿ ಆಗಬೇಕು, ಹಾಗಾಗಿ ಜವಾಬ್ದಾರಿ ಪೂರ್ತಿ ನನ್ನದು. ಹಾಸನದ ಒಂದು ಸಣ್ಣ ನರ್ಸಿಂಗ್ ಹೋಮಿಗೆ ಸೇರಿಸಿದೆವು. ಮಂಗಳವಾರ ಮಧ್ಯಾಹ್ನ ಎರಡೂವರೆ ದಾಟಿದ ಮೇಲೆ ಗಂಡುಮಗು ಹುಟ್ಟಿತು.

ಬಾಗಿಲ ಹೊರಗೆ ನಾನು, ನನ್ನ ಬೀಗಿತ್ತಿ, ಅವರ ಜೊತೆ ದುದ್ದದಿಂದ ಓಮ್ನಿಯಲ್ಲಿ ಬಂದಿದ್ದ ಏಳು ಜನ. ಬಾಗಿಲು ಸ್ವಲ್ಪ ತೆರೆದು ಇಪ್ಪತ್ತೈದರ ಒಬ್ಬ ಸಿಸ್ಟರ್ ಇಣುಕಿದಳು.

"ಗಂಡುಮಗು, ಇಬ್ಬರೂ ಚೆನ್ನಾಗಿದ್ದಾರೆ. ಮಗು ತಾಯಿ ಎದೆ ಮೇಲಿದೆ. ಒಂದು ಗಂಟೆ ಹೊರಗೆ ಕೊಡಲ್ಲ. ಕಾಯಬೇಕು."

ನನಗೆ ಆಕೆಯ ಕಾಲಿಗೆ ಬೀಳುವ ಹಾಗಾಯಿತು. ಹದಿನೈದು ವರ್ಷ ನಾನು ಕೇಳಬೇಕೆಂದಿದ್ದ ಮಾತು ಅದು. ಯಾರೂ ಹೇಳಿಸದೆ, ಯಾರಿಗೂ ಹೆದರದೆ, ಅಷ್ಟು ಚಿಕ್ಕ ಹುಡುಗಿ ಸಲೀಸಾಗಿ ಹೇಳಿ ಬಾಗಿಲು ಹಾಕಿಕೊಂಡಳು. ಕಣ್ಣು ಒರೆಸಿಕೊಂಡು ಬೆಂಚಿನ ಮೇಲೆ ಕೂತೆ.

ಬೀಗಿತ್ತಿ ಗಡಿಯಾರ ನೋಡಿದರು. "ಅಕ್ಕ, ಇವತ್ತು ಮಂಗಳ್ವಾರ. ಮೂರ್ ಗಂಟೆಗೆ ರಾವ್ಕಾಲ ಬತ್ತದೆ. ಅದ್ರೊಳ್ಗೆ ಕೂಸಿನ ಮಖ ನೋಡ್ಬುಡಬೇಕು. ಇಲ್ದಿದ್ರೆ ನಾಕೂವರೆ ಗಂಟ ನೋಡಂಗಿಲ್ಲ."

"ಒಂದು ಗಂಟೆ ಎದೆ ಮೇಲೆ ಇರ್ಲಿ ಬೀಗಿತ್ತಿ, ಮಗೂಗೆ ಒಳ್ಳೇದು," ಎಂದೆ. ಎಂದೆ ಎನ್ನುವುದಕ್ಕೆ ಓಮ್ನಿಯ ಏಳು ಜನ ಸಾಕ್ಷಿ.

"ಒಳ್ಳೇದೇಯ, ನಾ ಬ್ಯಾಡ ಅಂದ್ನಾ? ಮದ್ಲುಗೆ ಕೂಸಿನ ಮಖಾನ ರಾವ್ಕಾಲದಲ್ ನೋಡುದ್ರೆ ನಾಳೀಕೆ ಏನಾರ ಆದ್ರೆ ಯಾರ್ ತಲೆ ಮ್ಯಾಲೆ ಬತ್ತದೆ?" ಎಂದು ಸುತ್ತ ನೋಡಿದರು. ಏಳು ತಲೆಗಳೂ ನನ್ನ ಕಡೆ ತಿರುಗಿದವು.

ಆಗಲೂ ನಾನು ಏಳಲಿಲ್ಲ. ಆಮೇಲೆ ಬೀಗಿತ್ತಿ ಪಕ್ಕದವಳಿಗೆ ಹೇಳುವಂತೆ, ನನಗೆ ಕೇಳುವಂತೆ ಅಂದರು. "ಓಗ್ಲಿ ಬುಡವ್ವ. ಅಕ್ಕ ಮೂವತ್ ವರ್ಸ ಸರ್ವೀಸು ಮಾಡವ್ರೆ, ಅವರ ಮಾತ್ಗೆ ಇಲ್ಲಿ ಬ್ಯಲೆ ಅದೆ ಅನ್ಕಂಡಿದ್ದೆ."

ನಾನು ಎದ್ದೆ. ಯಾಕೆ ಎದ್ದೆ ಎಂದು ಕೇಳಬೇಡಿ, ನನಗೇ ನಾಚಿಕೆಯಾಗುತ್ತದೆ. ಬಾಗಿಲು ತಟ್ಟಿದೆ. ಆ ಹುಡುಗಿ ಇಣುಕಿದಳು.

"ನೋಡಮ್ಮ, ನಾನೂ ಸಿಸ್ಟರೇ. ಹೆರಿಗೆ ವಾರ್ಡಿನಲ್ಲೇ ಸರ್ವೀಸ್ ಮುಗಿಸಿದವಳು. ಐದೇ ನಿಮಿಷ ಮಗು ಕೊಡು, ಮುಖ ನೋಡಿ ಕೊಡ್ತಾರೆ."

"ಮೇಡಂ, ಇನ್ನೂ ಹದಿನೈದು ನಿಮಿಷಾನೂ ಆಗಿಲ್ಲ. ಮಗು ತಣ್ಣಗಾಗುತ್ತೆ, ನಿಮಗೇ ಗೊತ್ತಲ್ಲ..."

"ನನಗೆ ಗೊತ್ತು. ಅದಕ್ಕೇ ಹೇಳ್ತಿರೋದು. ಐದು ನಿಮಿಷಕ್ಕೆ ಏನೂ ಆಗಲ್ಲ, ನಾನೇ ಇದ್ದೀನಲ್ಲ."

ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ನನ್ನ ನರೆತ ತಲೆ ನೋಡಿದಳು. ಒಳಗೆ ಹೋದಳು. ನನ್ನ ಮೊಮ್ಮಗನನ್ನು ನನ್ನ ಮಗಳ ಎದೆಯ ಮೇಲಿಂದ ಎತ್ತಿ, ಬಟ್ಟೆ ಸುತ್ತಿ ತಂದು ನನ್ನ ಕೈಗೇ ಕೊಟ್ಟಳು.

ಮೂರಕ್ಕೆ ಹತ್ತು ನಿಮಿಷ ಇತ್ತು. ಬೀಗಿತ್ತಿ ನೋಡಿದರು, ಏಳು ಜನರೂ ಕೈ ಬದಲಿಸಿ ನೋಡಿದರು, ದುದ್ದದಲ್ಲಿ ಉಳಿದಿದ್ದವರೂ ಮೊಬೈಲಿನಲ್ಲಿ ನೋಡಿದರು. ಮಗು ನನ್ನ ಕೈಗೆ ವಾಪಸು ಬಂದಾಗ, ಅಭ್ಯಾಸಬಲದಿಂದ ಬಟ್ಟೆ ಸರಿಸಿ ಪಾದ ಮುಟ್ಟಿದೆ. ತಣ್ಣಗಿತ್ತು.

ಒಳಗೆ ಓಡಿ ಮಗಳ ಎದೆಯ ಮೇಲೆ ಮಲಗಿಸಿ ಹೊದಿಸಿದೆ. ಸ್ವಲ್ಪ ಹೊತ್ತಿಗೆ ಬೆಚ್ಚಗಾದ, ಈಗ ಗುಂಡಾಗಿದ್ದಾನೆ. ಆದರೆ ಆಗ ಮಗಳು ನನ್ನನ್ನು ನೋಡಿದ ನೋಟ ಇನ್ನೂ ಕಣ್ಣ ಮುಂದಿದೆ.

"ಅಮ್ಮಾ, ಎತ್ಕೊಂಡು ಹೋಗಿದ್ದು ನೀನಾ?" ಎಂದಳು.

ಹೊರಗೆ ಬಂದರೆ ಬೀಗಿತ್ತಿಗೆ ಬಹಳ ಸಂತೋಷವಾಗಿತ್ತು. "ನೋಡುದ್ರಾ, ನಮ್ಮಕ್ಕನ್ ಮಾತು ಅಂದ್ರೆ ಮಾತು!" ಎಂದು ಎಲ್ಲರಿಗೂ ಹೇಳುತ್ತಿದ್ದರು.

ಅದೂ ನಿಜ. ಒಂದು ಹೆರಿಗೆ ಕೋಣೆಯಲ್ಲಿ ನನ್ನ ಮಾತನ್ನು ಹೇಳಿದ ಕೂಡಲೇ ನಡೆಸಿಕೊಟ್ಟ ಸಿಸ್ಟರ್ ಎಂದರೆ, ನನ್ನ ಇಡೀ ಬದುಕಿನಲ್ಲಿ ಆ ಹುಡುಗಿ ಒಬ್ಬಳೇ.